ತೊಂಬತ್ತು ದಿನದ ಗೆಂಡೆ

ಹದಿನಾರು ವರ್ಷದ ಹಿಂದೆ, ಇವೋನಾಳನ್ನು ತನಗೆ ಕೊಡಿ ಎಂದು ಕೇಳಲು ಹೋದ ದಿನ, ಲುದ್ವಿಕ್ ತನ್ನ ಅತ್ತೆಯಾಗಲಿದ್ದವರಿಗೆ ಒಂದು ಮಾತು ಕೊಟ್ಟಿದ್ದ. ಹೂವು ಕೊಟ್ಟಾಗಿತ್ತು, ಗಸಗಸೆ ಕೇಕು ತಿಂದಾಗಿತ್ತು, ಓದು, ಕೆಲಸ, ವಂಶದಲ್ಲಿ ಕುಡುಕರು ಎಷ್ಟು ಜನ ಎಂಬ ವಿಚಾರಣೆಯೂ ಮುಗಿದಿತ್ತು. ಕೊನೆಗೆ ಗೆನೊವೆಫಾ ಟೀ ಲೋಟ ಕೆಳಗಿಟ್ಟು, ತಮ್ಮ ಯಜಮಾನರು ತೀರಿಕೊಂಡು ಏಳು ವರ್ಷವಾಯಿತೆಂದೂ, ಅಂದಿನಿಂದ ಕ್ರಿಸ್ಮಸ್ ಮುನ್ನಾದಿನದ ಗೆಂಡೆ ಮೀನನ್ನು ತಾವೇ ಹೊಡೆಯುತ್ತಿರುವುದಾಗಿಯೂ, ಅದು ಗಂಡಸರ ಕೆಲಸವೆಂದೂ ಹೇಳಿ ಅವನ ಮುಖ ನೋಡಿದರು.

"ಇನ್ಮೇಲೆ ನನ್ನ ಕೈಯಾರೆ ನಾನೇ ಹೊಡೀತೀನಿ ಅತ್ತೆ" ಎಂದುಬಿಟ್ಟ ಲುದ್ವಿಕ್. ಆ ಗಳಿಗೆಯಲ್ಲಿ ಕರಡಿ ಹೊಡಿ ಎಂದಿದ್ದರೂ ಹೂಂ ಅನ್ನುತ್ತಿದ್ದ.

ಮದುವೆಯಾಯಿತು. ಡಿಸೆಂಬರ್ ಬಂತು. ಹಬ್ಬದ ಊಟಕ್ಕೆಂದು ಜೀವಂತ ತಂದು, ಅಲ್ಲಿನ ರೂಢಿಯಂತೆ ಸ್ನಾನದ ತೊಟ್ಟಿಯಲ್ಲಿ ಬಿಟ್ಟಿದ್ದ ಗೆಂಡೆ ಅವನನ್ನು ನೋಡಿ ಬಾಯಿ ತೆರೆದು ಮುಚ್ಚಿತು. ಅವನೂ ಬಾಯಿ ತೆರೆದು ಮುಚ್ಚಿ, ಮರದ ಕೊಡತಿಯನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು ಹೊರಗೆ ಬಂದ. ಆ ವರ್ಷ ಅವನ ಮಣಿಕಟ್ಟು ಉಳುಕಿತ್ತು. ಮರುವರ್ಷ ರಕ್ತದಾನ ಮಾಡಿ ಬಂದಿದ್ದ, ಡಾಕ್ಟರು ತೋಳಿಗೆ ಕೆಲಸ ಕೊಡಬೇಡ ಅಂದಿದ್ದರು. ನಾಲ್ಕನೇ ವರ್ಷ ಮೀನು ಬಸುರಿ ಎಂದ. ಹೊಟ್ಟೆ ಸೀಳಿದಾಗ ಗಂಡು ಎಂದು ತಿಳಿಯಿತು. ಏಳನೇ ವರ್ಷ ಅದೇ ದಿನ ಲಿಸ್ಬನ್ನಿನಲ್ಲಿ ಸಮ್ಮೇಳನವಿದೆ ಎಂದು ಹೊರಟವನನ್ನು, ಕ್ರಿಸ್ಮಸ್ ಮುನ್ನಾದಿನ ಸಮ್ಮೇಳನ ನಡೆಸುವ ಕ್ರೈಸ್ತರು ಯಾವ ದೇಶದಲ್ಲೂ ಇಲ್ಲ ಎಂದು ಅತ್ತೆ ಬಾಗಿಲಲ್ಲೇ ತಡೆದರು. ಪ್ರತಿ ಸಲವೂ ಕೊನೆಗೆ ನಡೆಯುತ್ತಿದ್ದದ್ದು ಒಂದೇ. ಗೆನೊವೆಫಾ ಕತ್ತಿನ ರೇಷ್ಮೆ ವಸ್ತ್ರವನ್ನು ಸರಿಮಾಡಿಕೊಂಡು, ಏಪ್ರನ್ ಬಿಗಿದು, ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಟಪ್ ಎಂದು ಒಂದೇ ಏಟು. ಒಂದು ದಿನವೂ ಬೈದವರಲ್ಲ. ಊಟಕ್ಕೆ ಕೂತಾಗ ಮಾತ್ರ, "ಅಳಿಯಂದ್ರಿಗೆ ತಲೆ ಕಡೇದು ಹಾಕ್ಲಾ, ಬಾಲದ ಕಡೇದು ಹಾಕ್ಲಾ?" ಎಂದು ಕೇಳುವರು. ಲುದ್ವಿಕ್ ಹದಿನಾರು ವರ್ಷದಿಂದ ಬಾಲವನ್ನೇ ತಿಂದುಕೊಂಡು ಬಂದಿದ್ದ.

ಈ ವರ್ಷ ಅವನು ಹೆಂಡತಿಯ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದ: ಜೀವಂತ ಮೀನು ಬೇಡ, ಅಂಗಡಿಯಿಂದ ಕತ್ತರಿಸಿದ ತುಂಡುಗಳನ್ನು ತಂದರಾಯಿತು. ಇವೋನಾ ಒಪ್ಪಿದಳು. ಅದೇ ಮನೆಯಲ್ಲಿದ್ದ ಅತ್ತೆಗೆ ಹೇಳುವವರು ಯಾರು ಎಂಬುದು ತೀರ್ಮಾನವಾಗಿರಲಿಲ್ಲ.

ಇಂಥ ಲುದ್ವಿಕ್‌ನ ಹೊಟ್ಟೆಪಾಡು ಈಗ ಒಂದು ಮೀನಿನ ಮೇಲೆಯೇ ನಿಂತಿತ್ತು. ವ್ರೊತ್ಸ್ವಾಫ್ ಊರಿನಲ್ಲಿ, ಓದ್ರಾ ನದಿಯ ಆಚೆ ದಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವನು ರಸಾಯನ ವಿಜ್ಞಾನಿ. ಬೆಳಕು ಕೊಡುವ ನ್ಯಾನೊ ಕಣಗಳನ್ನು ಮಾಡುವುದು ಅವನ ಕೆಲಸ. ಕೂದಲೆಳೆಯ ಅಗಲದಲ್ಲಿ ಎರಡು ಮೂರು ಸಾವಿರವನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣವು. ಕಣ್ಣಿಗೆ ಕಾಣದ ಒಂದು ಜಾತಿಯ ಲೇಸರ್ ಬೆಳಕನ್ನು ಅವುಗಳ ಮೇಲೆ ಬಿಟ್ಟರೆ ಅದನ್ನು ನುಂಗಿ ಹಸಿರಾಗಿ ಬೆಳಗುತ್ತವೆ. ಕಾಣದ ಆ ಬೆಳಕು ಚರ್ಮದೊಳಕ್ಕೆ ಸಲೀಸಾಗಿ ಇಳಿಯುವುದರಿಂದ, ರೋಗಿಯ ಮೈಯಲ್ಲಿ ಗಂಟು ಸಿಕ್ಕಿದ ದಿನವೇ ಆ ಜಾಗಕ್ಕೆ ಈ ಕಣಗಳ ಒಂದು ಹನಿ ಚುಚ್ಚಿಟ್ಟರೆ, ಎರಡು ಮೂರು ತಿಂಗಳ ಮೇಲೆ ಕೊಯ್ಯುವ ಡಾಕ್ಟರು ಲೇಸರ್ ಹಿಡಿದು ನೇರ ಅಲ್ಲಿಗೇ ಕೈ ಹಾಕಬಹುದು. ಹುಡುಕುತ್ತ ಅಲ್ಲಿ ಇಲ್ಲಿ ಕೊಯ್ಯಬೇಕಾಗಿಲ್ಲ.

ತೊಂದರೆ ಇದ್ದದ್ದು ನೀರಿನದು. ಎಣ್ಣೆಯಲ್ಲಿದ್ದಾಗ ಹಬ್ಬದ ದೀಪದಂತೆ ಉರಿಯುವ ಕಣಗಳು ನೀರು ತಾಗಿದೊಡನೆ ಒದ್ದೆ ಬತ್ತಿಯಾಗುತ್ತಿದ್ದವು. ಮೈಯೆಂದರೆ ಮುಕ್ಕಾಲು ಪಾಲು ನೀರೇ. ನೀರು ಒಳಗೆ ಹೋಗದ ಹಾಗೆ ಒಂದೊಂದು ಕಣಕ್ಕೂ ಒಂದು ಅಂಗಿ ತೊಡಿಸಬೇಕು. ಲುದ್ವಿಕ್ ಹನ್ನೊಂದು ವರ್ಷದಲ್ಲಿ ಎಂಟು ಬಗೆಯ ಅಂಗಿ ಹೊಲಿದಿದ್ದ. ಎಂಟೂ ಸೋರಿದವು. ಒಂಬತ್ತನೆಯ ಅಂಗಿ ತೊಟ್ಟ ಕಣಗಳನ್ನು ಅಕ್ಟೋಬರ್ ಎರಡರಂದು ಆರು ಗೆಂಡೆಗಳ ಎಡ ರೆಕ್ಕೆಯ ಹಿಂದೆ ಚುಚ್ಚಲಾಗಿತ್ತು. ಚುಚ್ಚಿದವಳು ಜೊತೆಯಲ್ಲಿ ಕೆಲಸ ಮಾಡುವ ಬೆರ್ನದೇತಾ. ಲುದ್ವಿಕ್ ಆಗ ಕಿಟಕಿಯ ಹೊರಗೆ ನೋಡುತ್ತಿದ್ದ. ಒಂದು ಮೀನು ರಾತ್ರಿ ತೊಟ್ಟಿಯಿಂದ ಹಾರಿ ಸತ್ತಿತು. ಸತ್ತವರ ಹಬ್ಬಕ್ಕೆ ಊರೆಲ್ಲ ಸಮಾಧಿಗಳಿಗೆ ದೀಪ ಹಚ್ಚಲು ಹೋಗಿದ್ದ ದಿನ ಗಾಳಿಯ ಪಂಪು ನಿಂತು ನಾಲ್ಕು ಸತ್ತವು. ಉಳಿದದ್ದು ಆರನೆಯದು ಒಂದೇ. ಅದು ತೊಂಬತ್ತು ದಿನ ಬದುಕಿ, ತೊಂಬತ್ತನೇ ದಿನವೂ ಅದೇ ಜಾಗದಲ್ಲಿ ಬೆಳಗಿದರೆ ವರದಿ ಬರೆಯಬಹುದು, ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಜನವರಿಗೆ ಲುದ್ವಿಕ್‌ನ ಒಪ್ಪಂದವೂ ಮುಗಿಯುತ್ತದೆ, ಒಂಬತ್ತನೆಯ ಅಂಗಿಯೂ ಕಪಾಟು ಸೇರುತ್ತದೆ. ತೊಂಬತ್ತನೇ ದಿನ ಬರುವುದು ಡಿಸೆಂಬರ್ ಮೂವತ್ತೊಂದಕ್ಕೆ. ಬೆರ್ನದೇತಾ ಹಿಮದ ಮೇಲೆ ಜಾರಲು ಬೆಟ್ಟಕ್ಕೆ ಹೋಗುವ ಮುಂಚೆ, ಮೂವತ್ತೊಂದರ ಕೆಲಸವೆಲ್ಲ ನಿನ್ನದೇ, ಚೀಟಿಯಲ್ಲಿ ಬರೆದಿಟ್ಟಿದ್ದೇನೆ ಎಂದಿದ್ದಳು. ಲುದ್ವಿಕ್ ತಲೆಯಾಡಿಸಿದ್ದ. ಚೀಟಿ ಓದಿರಲಿಲ್ಲ.

ಎಂಬತ್ತಮೂರನೇ ದಿನ, ಅಂದರೆ ಡಿಸೆಂಬರ್ ಇಪ್ಪತ್ತನಾಲ್ಕರ ಬೆಳಿಗ್ಗೆ ಎಂಟಕ್ಕೆ, ಮೀನಿಗೆ ಕಾಳು ಹಾಕಿ ಹೋಗೋಣವೆಂದು ಅವನು ಸಂಸ್ಥೆಯ ನೆಲಮಾಳಿಗೆಗೆ ಇಳಿದ. ತೊಟ್ಟಿಯಲ್ಲಿ ನೀರಿತ್ತು, ಪಂಪು ಗುಳುಗುಳು ಎನ್ನುತ್ತಿತ್ತು, ಮೀನಿರಲಿಲ್ಲ. 'ಕ-6, ಮುಟ್ಟಬೇಡಿ' ಎಂದು ತಾನೇ ಬರೆದು ಅಂಟಿಸಿದ್ದ ಚೀಟಿಯನ್ನು ಯಾರೋ ಮಡಚಿ ಪಂಪಿನ ಕೆಳಗೆ ಒತ್ತಿಟ್ಟಿದ್ದರು, ಸದ್ದು ಮಾಡದಿರಲಿ ಎಂದು.

ನಡೆದದ್ದೆಲ್ಲ ಕಾವಲುಗಾರ ಕಾಜಿಕ್‌ನ ಬಾಯಿಂದ ಹೊರಬಂತು. ಪ್ರತಿ ವರ್ಷದಂತೆ ಈ ಸಲವೂ ನೌಕರರ ಸಂಘ ಹಬ್ಬಕ್ಕೆ ಮಿಲಿಚ್ ಕೆರೆಗಳಿಂದ ಜೀವಂತ ಗೆಂಡೆ ತರಿಸಿತ್ತು. ಬೇಕೆಂದವರು ಹೆಸರು ಬರೆಸಿದ್ದರು. ಒಂಬತ್ತು ಮೀನಿಗೆ ಹೇಳಿದ್ದು, ಪೀಪಾಯಿಯಲ್ಲಿ ಬಂದದ್ದು ಎಂಟು. ಹಂಚುವ ಹೊಣೆ ಕಾಜಿಕ್‌ನದು. ಹಬ್ಬದ ಹಿಂದಿನ ದಿನ ಒಂದು ಮನೆಗೆ ಮೀನಿಲ್ಲ ಎಂದು ಹೇಳುವುದು ಹೇಗೆ ಎಂದು ತಲೆ ಕೆರೆಯುತ್ತ ನಿಂತಿದ್ದವನಿಗೆ ಪಕ್ಕದ ಕೋಣೆಯ ತೊಟ್ಟಿ ಕಂಡಿತು. ಡಿಸೆಂಬರ್ ಇಪ್ಪತ್ತಮೂರನೇ ತಾರೀಖು ತೊಟ್ಟಿಯಲ್ಲಿ ಈಜುವ ಗೆಂಡೆಯನ್ನು ಕಂಡು ಬೇರೆ ಅರ್ಥ ಮಾಡುವ ಮನುಷ್ಯ ಆ ದೇಶದಲ್ಲಿ ಹುಟ್ಟಿಲ್ಲ.

"ಚೀಟಿ ಓದ್ಲಿಲ್ವಾ ಕಾಜಿಕಣ್ಣ? ಮುಟ್ಟಬೇಡಿ ಅಂತ ಇತ್ತಲ್ಲ."

"ಓದ್ದೆ ಡಾಕ್ಟ್ರೇ. ಅದಕ್ಕೇ ಎತ್ಕೊಂಡೆ. ಯಾರೋ ದೊಡ್ಡೋರು ದಪ್ಪಂದು ತಮಗೇಂತ ಆರಿಸಿ ಬಚ್ಚಿಟ್ಕೊಂಡವ್ರೆ ಅಂದ್ಕೊಂಡೆ. ಇದೇನು ಅವರಪ್ಪನ ಕೆರೆನಾ? ತಗೊಂಡೋಗಿ ಎಲ್ಲರ ಜೊತೆ ಪೀಪಾಯಿಗೆ ಬಿಟ್ಟೆ."

ಯಾರಿಗೆ ಹೋಯಿತೆಂದರೆ ಅವನಿಗೆ ನೆನಪಿರಲಿಲ್ಲ. ಪೀಪಾಯಿಯಲ್ಲಿ ಬಲೆ ಆಡಿಸಿದ, ಸಿಕ್ಕಿದ್ದನ್ನು ಕೊಟ್ಟ. ಲುದ್ವಿಕ್ ಅದು ಎಂಥ ಮೀನು ಎಂದು ಬಿಡಿಸಿ ಹೇಳಿದಾಗ ಕಾಜಿಕ್ ಟೋಪಿ ತೆಗೆದು ಕುರ್ಚಿಯ ಮೇಲೆ ಕೂತುಬಿಟ್ಟ. ನಿವೃತ್ತಿಗೆ ಅವನಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಪ್ರಯೋಗದ ಪ್ರಾಣಿಯನ್ನು ಸಂಸ್ಥೆಯೇ ಹಬ್ಬದ ಊಟಕ್ಕೆ ಹಂಚಿದೆ ಎಂಬುದು ಮೇಲಿನವರಿಗೆ ತಿಳಿದರೆ ಅವನೂ ಇಲ್ಲ, ಲುದ್ವಿಕ್‌ನ ಪರವಾನಗಿಯೂ ಇಲ್ಲ. ಹಾಗಂತ ಆ ಮೀನು ಯಾರ ತಟ್ಟೆಗೂ ಬೀಳುವಂತಿರಲಿಲ್ಲ. ತಿಂದರೆ ಏನಾಗುತ್ತದೆ ಎಂಬುದನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಲುದ್ವಿಕ್‌ಗೆ ಪರೀಕ್ಷೆ ಮಾಡುವ ಮನಸ್ಸೂ ಇರಲಿಲ್ಲ.

ಪಟ್ಟಿಯಲ್ಲಿ ಎಂಟು ಹೆಸರಿದ್ದವು. ಉಗ್ರಾಣದ ತೆಕ್ಲಾ ಅವರ ಹೆಸರಿನ ಮುಂದೆ ಎರಡು ಮೀನು. ಮಧ್ಯಾಹ್ನದೊಳಗೆ ಊರಿನ ಎಲ್ಲ ತೊಟ್ಟಿಗಳಲ್ಲೂ ಕೊಡತಿ ಬೀಳುತ್ತದೆ. ಅದನ್ನು ತಡೆಯಬೇಕು, ಕಾರಣ ಹೇಳಬಾರದು. ಮೊದಲ ಫೋನು ಮಾಡುವಾಗ ಲುದ್ವಿಕ್‌ನ ಬಾಯಿಗೆ ಬಂದ ಸುಳ್ಳು ಅವನಿಗೇ ಆಶ್ಚರ್ಯವಾಗುವಂತಿತ್ತು: ಅತಿ ದೊಡ್ಡ ಗೆಂಡೆಗೆ ಸಂಘ ಈ ವರ್ಷ ಬಹುಮಾನ ಇಟ್ಟಿದೆ, ಅಳತೆಗೆ ನಾನು ಬರುತ್ತಿದ್ದೇನೆ, ಜೀವಂತ ಮೀನಿಗೆ ಮಾತ್ರ, ಅಲ್ಲಿಯವರೆಗೆ ಹೊಡೆಯಬೇಡಿ. ಹದಿನಾರು ವರ್ಷದ ಅಭ್ಯಾಸ ಕೊನೆಗೂ ಉಪಯೋಗಕ್ಕೆ ಬಂತು. ಎಂಟು ಮನೆಯವರೂ ಕೊಡತಿ ಕೆಳಗಿಟ್ಟರು. ಎಂಟು ಮನೆಯವರೂ ತಮ್ಮದೇ ಎಲ್ಲಕ್ಕಿಂತ ದೊಡ್ಡದು ಎಂದು ಆಣೆಯಿಟ್ಟು ಹೇಳಿದ್ದರಿಂದ, ಎಂಬತ್ತಮೂರು ದಿನ ಕೂತು ಮೇದಿದ್ದ ಮೀನನ್ನು ಗಾತ್ರದಿಂದ ಗುರುತಿಸುವ ಆಸೆ ಮಾತ್ರ ಅಲ್ಲೇ ಕೈಬಿಟ್ಟಿತು. ಉಳಿದದ್ದು ಲೇಸರ್.

ಆ ಲೇಸರ್ ದಪ್ಪ ಟಾರ್ಚಿನಷ್ಟಿತ್ತು. ಕಣ್ಣಿಗೆ ಕಾಣದ ಬೆಳಕಾದ್ದರಿಂದ ಹಚ್ಚಿದರೂ ಹಚ್ಚಿದಂತೆ ಕಾಣುತ್ತಿರಲಿಲ್ಲ. ಕಾಣದಿದ್ದರೂ ಕಣ್ಣು ಸುಡುವಂಥದ್ದು, ಹಾಗಾಗಿ ಹಿಡಿದವನು ಕಿವಿಯವರೆಗೂ ಮುಚ್ಚುವ ವಿಶೇಷ ಕನ್ನಡಕ ಹಾಕಿಕೊಳ್ಳಬೇಕು, ಬೇರೆಯವರು ಹೊರಗಿರಬೇಕು, ಕೋಣೆ ಕತ್ತಲಾಗಿರಬೇಕು. ಹೀಗಾಗಿ ಆ ದಿನ ಊರಿನ ಏಳು ಮನೆಗಳವರು ಕಂಡದ್ದು ಇಷ್ಟು: ಹಬ್ಬದ ದಿನ ಬಂದ ಒಬ್ಬ ವಿಜ್ಞಾನಿ, ಸ್ನಾನದ ಮನೆಗೆ ನುಗ್ಗಿ, ದೀಪ ಆರಿಸಿ, ಕಪ್ಪೆಗಣ್ಣಿನ ಕನ್ನಡಕ ಹಾಕಿ, ಹತ್ತದ ಟಾರ್ಚು ಹಿಡಿದು, ಮೀನಿನ ಪಕ್ಕದಲ್ಲಿ ಮೊಣಕಾಲೂರಿ ಕೂತು, ಸ್ವಲ್ಪ ಹೊತ್ತಿಗೆ ನಿಟ್ಟುಸಿರು ಬಿಟ್ಟು ಎದ್ದು, ಟೇಪಿನಿಂದ ಮೀನಿನ ಉದ್ದ ಅಳೆದು ಬರೆದುಕೊಂಡು ಹೋದ.

ಬರಿದೇ ಹೋಗಲು ಅವರೂ ಬಿಡಲಿಲ್ಲ. ಆ ಸಂಜೆಯ ಊಟದ ಮೇಜಿನಲ್ಲಿ ಅನಿರೀಕ್ಷಿತ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುವುದು ಅಲ್ಲಿನ ಪದ್ಧತಿ. ತಟ್ಟೆ ಇಡುತ್ತಾರೆಯೇ ಹೊರತು ತಲೆಮಾರುಗಳಿಂದ ಯಾರ ಮನೆಗೂ ಅಂಥ ಅತಿಥಿ ಬಂದದ್ದಿಲ್ಲ. ಈ ಸಲ ಬಂದ. ಬಂದವನು ತಟ್ಟೆ ಬಿಟ್ಟು ಸ್ನಾನದ ಮನೆ ಎಲ್ಲಿ ಎಂದು ಕೇಳಿದ. ಲೆಕ್ಕಪತ್ರ ವಿಭಾಗದ ಬೊಗುಮಿಲ್‌ನ ಹೆಂಡತಿ ಅವನಿಗೆ ಬೀಟ್‌ರೂಟ್ ಸಾರು ಕುಡಿಸಿದಳು. ಗ್ರಂಥಾಲಯದ ಮೇಲ್ವಿಚಾರಕಿ ಹೆರಿಂಗ್ ಮೀನಿನ ಎರಡು ತುಂಡು ತಿನ್ನಿಸಿದಳು. ಒಣಹಣ್ಣಿನ ಪಾನಕವನ್ನಂತೂ ಐದು ಮನೆಗಳಲ್ಲಿ ಕುಡಿಯಬೇಕಾಯಿತು. ಅದರಲ್ಲಿ ಒಣ ಪ್ಲಮ್ ಹಣ್ಣೇ ಜಾಸ್ತಿ. ಆರನೇ ಮನೆಯಲ್ಲಿ ಲುದ್ವಿಕ್ ಸ್ನಾನದ ಮನೆ ಕೇಳಿದ್ದು ಮೀನಿಗಾಗಿ ಮಾತ್ರ ಅಲ್ಲ.

ನಿರ್ದೇಶಕರ ಮನೆಯಲ್ಲಿ ಮೀನು ಬಕೆಟ್ಟಿನಲ್ಲಿತ್ತು, ತೊಟ್ಟಿಯಲ್ಲಿ ನಿರ್ದೇಶಕರಿದ್ದರು. ಅವರು ಟವೆಲು ಸುತ್ತಿಕೊಂಡೇ ಹೊರಬಂದು, ಟೇಪಿನ ಒಂದು ತುದಿಯನ್ನು ತಾವೇ ಹಿಡಿದು, ಬಾಲವನ್ನು ಒಂದಿಷ್ಟು ಎಳೆದು ಹಿಡಿದರು. ಅಷ್ಟು ಉದ್ದದ ಗೆಂಡೆ ಬೇರೆ ಯಾರ ಮನೆಯಲ್ಲಾದರೂ ಇದೆಯೇ ಎಂದು ಕೇಳಿದ್ದಕ್ಕೆ ಲುದ್ವಿಕ್ ಇನ್ನೂ ಒಂದು ಮನೆ ಬಾಕಿ ಇದೆ ಎಂದ. ಮೀನಿನ ಎಡ ರೆಕ್ಕೆಯ ಹಿಂದೆ ಏನೂ ಬೆಳಗಲಿಲ್ಲ. ಏಳೂ ಮನೆಗಳಲ್ಲಿ ಬೆಳಗಲಿಲ್ಲ.

ಎರಡೂವರೆಗೆ ಅವನು ತೆಕ್ಲಾ ಅವರ ಬಾಗಿಲು ತಟ್ಟಿದ. ಮೂವತ್ತು ವರ್ಷದಿಂದ ಉಗ್ರಾಣ ನೋಡಿಕೊಂಡು, ಅಷ್ಟೇ ವರ್ಷದಿಂದ ನೌಕರರ ಸಂಘವನ್ನೂ ನಡೆಸುತ್ತಿದ್ದ ಹೆಂಗಸು ಅವರು. ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಿಗೆ ಅಡ್ಡ ನಿಂತರು.

"ಬಾಪ್ಪ ಬಾ. ಸಂಘದ ಅಧ್ಯಕ್ಷೆ ನಾನು. ನಂಗೇ ಗೊತ್ತಿಲ್ದಿರೋ ಬಹುಮಾನ ಯಾವುದದು, ಸ್ವಲ್ಪ ಹೇಳು ಕೇಳೋಣ. ಬೆಳಗಿಂದ ಫೋನು ಮೇಲೆ ಫೋನು. ಬಾಲ ಸೇರಿಸಿ ಅಳೀತೀರೋ, ಬಿಟ್ಟು ಅಳೀತೀರೋ ಅಂತ ಬೊಗುಮಿಲ್ ಮೂರು ಸಲ ಕೇಳ್ದ."

ಲುದ್ವಿಕ್‌ಗೆ ಇನ್ನೊಂದು ಸುಳ್ಳು ಹುಟ್ಟಿಸುವ ಶಕ್ತಿ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತೆಕ್ಲಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಆಮೇಲೆ ನಕ್ಕು, ಆಮೇಲೆ ಕಾಜಿಕ್‌ನ ಹೆಸರು ಹೇಳಿ ಬೈದು, ಅವನನ್ನು ಸ್ನಾನದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಇದ್ದದ್ದು ಒಂದೇ ಮೀನು. ಅದೂ ಕತ್ತಲಲ್ಲಿ ಕತ್ತಲಾಗಿಯೇ ಉಳಿಯಿತು. ಅದರ ಮೇಲೆ ಎರಡನೇ ಸಲ ಹಿಡಿಯುವಷ್ಟರಲ್ಲಿ ಲೇಸರಿನ ಬ್ಯಾಟರಿಯೂ ಮುಗಿಯಿತು.

"ನಿಮ್ಮ ಹೆಸರಲ್ಲಿ ಎರಡು ಇತ್ತಲ್ಲ. ಇನ್ನೊಂದೆಲ್ಲಿ?"

ತೆಕ್ಲಾ ಕೈಯ ಹಿಟ್ಟು ಉಜ್ಜತೊಡಗಿದರು. ಅದು ಒಬ್ಬರು ಗೆಳತಿಗೆ, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾರೆ ಎಂದರು. ಪ್ರಾಣಕ್ಕೆ ಬಂದಿದೆ ಎಂದ ಲುದ್ವಿಕ್. ಯಾರ ಪ್ರಾಣಕ್ಕೆ ಎಂದು ಕೇಳಿದರು. ಮೊದಲು ಮೀನಿನದಕ್ಕೆ, ಆಮೇಲೆ ನನ್ನದಕ್ಕೆ, ಜೊತೆಗೆ ತಿಂದವರದಕ್ಕೂ ಇರಬಹುದು ಎಂದ. ಆಗ ತೆಕ್ಲಾ ಆಣೆ ಮುರಿದರು.

"ನಿಮ್ಮತ್ತೆಗೇ ಕಣಪ್ಪ. ಅಂಗಡೀಲಿ ತುಂಡು ತರೋಕೆ ಗಂಡ ಹೆಂಡ್ತಿ ಮಾತಾಡ್ಕೊಂಡಿದ್ದು ಅವರ ಕಿವಿಗೆ ಬಿತ್ತಂತೆ. ಈ ವರ್ಷ ಹೊಡೆಸೇ ಹೊಡೆಸ್ತೀನಿ, ನೀನು ಮಾತ್ರ ಬಾಯಿ ಬಿಡಬೇಡ ಅಂದ್ರು. ನಿನ್ನೆ ಸಾಯಂಕಾಲಾನೇ ಬಂದು ತಗೊಂಡೋದ್ರು. ನೀನೇ ತಾನೆ ಅವರಿಗೆ ಗೇಟು ತೆಗ್ದಿದ್ದು?"

ಅದು ನಿಜವಾಗಿತ್ತು. ಹಿಂದಿನ ಸಂಜೆ ಸಂಸ್ಥೆಯ ಗೇಟಿನಲ್ಲಿ ಅತ್ತೆ ಎದುರಾಗಿದ್ದರು, ಕೈಯಲ್ಲಿ ಮುಚ್ಚಿದ ಬಕೆಟ್ಟು. ಏನಿದು ಎಂದು ಕೇಳಿದ್ದಕ್ಕೆ ಹುದುಗು ಹಾಕಿದ ಎಲೆಕೋಸು ಎಂದಿದ್ದರು. ಲುದ್ವಿಕ್ ಬಕೆಟ್ಟನ್ನು ತಾನೇ ಹೊತ್ತು ಟ್ರಾಮಿಗೆ ಹತ್ತಿಸಿ, ಲೈಬ್ರರಿಗೆ ಹೋಗಿ, ತಡವಾಗಿ ಮನೆ ಸೇರಿ ಮಲಗಿದ್ದ. ಬೆಳಿಗ್ಗೆ ಸ್ನಾನದ ಮನೆಯ ಬಾಗಿಲು ಒಳಗಿನಿಂದ ಹಾಕಿದ್ದರಿಂದ ಅಡುಗೆಮನೆಯ ನಲ್ಲಿಯಲ್ಲೇ ಮುಖ ತೊಳೆದು ಹೊರಟುಬಂದಿದ್ದ. ಎಲೆಕೋಸು ಬಕೆಟ್ಟಿನೊಳಗೆ ಎರಡು ಸಲ ಮಿಸುಕಾಡಿದ ಹಾಗಾಗಿದ್ದು ಈಗ ನೆನಪಾಯಿತು.

ಅವನು ಮನೆ ಮುಟ್ಟಿದಾಗ ಮೂರೂಕಾಲು. ಮೇಜಿನ ಮೇಲೆ ಬಿಳಿ ವಸ್ತ್ರ, ಅದರ ಕೆಳಗೆ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ನೆನಪಿಗೆ ಹಾಸಿದ ಹುಲ್ಲು, ಹೆಚ್ಚಿಗೆ ಇಟ್ಟ ಒಂದು ತಟ್ಟೆ, ಎಲ್ಲ ಸಿದ್ಧವಾಗಿತ್ತು. ಸ್ನಾನದ ತೊಟ್ಟಿಯಲ್ಲಿ ಕ-6 ಸಾವಕಾಶವಾಗಿ ಒಂದು ಸುತ್ತು ಹೊಡೆಯಿತು. ತೊಟ್ಟಿಯ ಪಕ್ಕದ ಮುಕ್ಕಾಲಿಯ ಮೇಲೆ ಗೆನೊವೆಫಾ ಕೂತಿದ್ದರು, ತೊಡೆಯ ಮೇಲೆ ಕೊಡತಿ.

"ಬನ್ನಿ ಅಳಿಯಂದ್ರೇ. ಕೈ ಉಳುಕಿದ್ಯಾ? ರಕ್ತ ಕೊಟ್ಟು ಬಂದ್ರಾ?"

ಲುದ್ವಿಕ್ ಶುರುಮಾಡಿದ. ಇದು ಊಟದ ಮೀನಲ್ಲ, ಪ್ರಯೋಗದ ಮೀನು. ಇದರ ಎಡ ರೆಕ್ಕೆಯ ಹಿಂದೆ ಕಣ್ಣಿಗೆ ಕಾಣದ ಕಣಗಳಿವೆ. ಕಣ್ಣಿಗೆ ಕಾಣದ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತವೆ. ಇದನ್ನು ಇನ್ನೂ ಒಂದು ವಾರ ಬದುಕಿಸಬೇಕು. ಹೊಡೆದರೆ ನನ್ನ ಕೆಲಸ ಹೋಗುತ್ತದೆ. ಹೇಳುತ್ತ ಹೇಳುತ್ತ, ತನ್ನ ಮಾತು ತನಗೇ ಹೇಗೆ ಕೇಳಿಸುತ್ತಿದೆ ಎಂದು ಅವನಿಗೆ ಗೊತ್ತಾಗತೊಡಗಿತು. ಹದಿನಾರು ವರ್ಷದಲ್ಲಿ ಮೊದಲ ಸಲ ನಿಜ ಹೇಳುತ್ತಿದ್ದ, ಮತ್ತು ಹಿಂದಿನ ಎಲ್ಲ ಸುಳ್ಳುಗಳೂ ಇದಕ್ಕಿಂತ ನಂಬಿಕೆಗೆ ಹತ್ತಿರವಾಗಿದ್ದವು. ಬಾಗಿಲಲ್ಲಿ ನಿಂತ ಇವೋನಾ ಕೂಡ ಕಣ್ಣು ಕೆಳಗೆ ಮಾಡಿದಳು.

ಗೆನೊವೆಫಾ ಪೂರ್ತಿ ಕೇಳಿಸಿಕೊಂಡರು. "ಬಸುರಿ ಅಂದಿದ್ದಕ್ಕಿಂತ ಇದು ಚೆನ್ನಾಗಿದೆ" ಎಂದರು. "ಎಲ್ಲಿ, ಹೊಳೆಸಿ ನೋಡಣ."

ಲುದ್ವಿಕ್ ಲೇಸರನ್ನು ಮೇಲೆತ್ತಿ, ಬ್ಯಾಟರಿ ಮುಗಿದಿದೆ ಎಂದ.

"ಸರಿ ಬಿಡಿ. ಇವತ್ತು ಮಧ್ಯರಾತ್ರಿ ಪ್ರಾಣಿಗಳಿಗೆಲ್ಲ ಮಾತು ಬರುತ್ತಂತೆ. ಇದನ್ನೇ ಸಾಕ್ಷಿ ಕೇಳಬಹುದಿತ್ತು. ಏನ್ಮಾಡೋದು, ಅಷ್ಟೊತ್ತಿಗೆ ಹುರಿದಿರ್ತೀವಲ್ಲ."

ಅವನು ಅಂಗಲಾಚಿದ. ಮುಕ್ಕಾಲು ಗಂಟೆ ಚಾರ್ಜಿಗೆ ಹಾಕಿದರೆ ಸಾಕು, ತೋರಿಸುತ್ತೇನೆ ಎಂದ. ಇವೋನಾ ತಾಯಿಯ ಹೆಗಲ ಮೇಲೆ ಕೈಯಿಟ್ಟಳು. ಗೆನೊವೆಫಾ ಎದ್ದು ಅಡುಗೆಮನೆಯ ಕಿಟಕಿಯಿಂದ ಆಕಾಶ ನೋಡಿ ಬಂದು ತೀರ್ಪು ಕೊಟ್ಟರು. ಮೊದಲ ನಕ್ಷತ್ರ ಕಾಣದೆ ಊಟಕ್ಕೆ ಕೂರುವಂತಿಲ್ಲ. ಅದು ಕಾಣುವ ತನಕ ಸಮಯ. ಕಂಡ ಗಳಿಗೆಯಲ್ಲಿ ಅಳಿಯ ಹೊಡೆದರೆ ಅಳಿಯ, ಇಲ್ಲವಾದರೆ ಯಥಾಪ್ರಕಾರ ತಾವು. ಹುರಿಯಲು ಇಪ್ಪತ್ತು ನಿಮಿಷ ಸಾಕು.

ಲೇಸರನ್ನು ಚಾರ್ಜಿಗೆ ಹಾಕಿ ಲುದ್ವಿಕ್ ಅದರ ಪಕ್ಕದಲ್ಲಿ ನಿಂತ. ಅತ್ತೆ ಅಡುಗೆಮನೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತರು. ದೇವರ ದಯೆ, ಮೋಡ ಕಂಬಳಿಯಂತೆ ಹಾಸಿತ್ತು. ಸೂರ್ಯ ಯಾವಾಗ ಮುಳುಗಿದ ಎಂಬುದೂ ತಿಳಿಯಲಿಲ್ಲ. ನಾಲ್ಕಾಯಿತು. ಒಂದು ಬೆಳಕು ಕಂಡಿತೆಂದು ಅತ್ತೆ ಎದ್ದರು. ಇವೋನಾ ಅದು ವಿಮಾನ ಎಂದಳು. ಇನ್ನೊಂದು ಕಂಡಿತು, ಎದುರು ಮನೆಯ ಬಾಲ್ಕನಿಯ ಕಾಗದದ ನಕ್ಷತ್ರ. ಊರಿನ ಮಕ್ಕಳೆಲ್ಲ ನಕ್ಷತ್ರ ಬೇಗ ಬರಲಿ ಎಂದು ಕಿಟಕಿಗೆ ಮೂಗು ಒತ್ತಿ ಕಾಯುತ್ತಿದ್ದ ಹೊತ್ತಿನಲ್ಲಿ, ನಲವತ್ತಾರು ವರ್ಷದ ಒಬ್ಬ ಗಂಡಸು ಅದು ಬಾರದಿರಲಿ ಎಂದು ದೇವರನ್ನು ಬೇಡುತ್ತಿದ್ದ. ನಾಲ್ಕು ಗಂಟೆ ಐದು ನಿಮಿಷಕ್ಕೆ, ದೂರದ ಹಬೆ ಕಾರ್ಖಾನೆಯ ಚಿಮಣಿಯ ಪಕ್ಕ, ಮೋಡ ಒಂದು ಕರವಸ್ತ್ರದಷ್ಟು ಹರಿಯಿತು.

"ಬಂತು" ಎಂದರು ಗೆನೊವೆಫಾ, ಕೊಡತಿ ಎತ್ತಿಕೊಳ್ಳುತ್ತ. ಬಂದದ್ದು ನಿಜವಾದ ನಕ್ಷತ್ರವೇ.

ಲುದ್ವಿಕ್ ಲೇಸರನ್ನು ವೈರಿನಿಂದ ಕಿತ್ತುಕೊಂಡು ಅವರಿಗಿಂತ ಮುಂಚೆ ಸ್ನಾನದ ಮನೆಗೆ ಓಡಿದ. ಚಾರ್ಜು ಒಂದು ಗೆರೆಯಷ್ಟೇ ಏರಿತ್ತು. ಕನ್ನಡಕವಿದ್ದದ್ದು ಒಂದೇ. ಅದನ್ನು ಅತ್ತೆಯ ಮೂಗಿನ ಮೇಲೆ, ಅವರ ಸ್ವಂತ ಕನ್ನಡಕದ ಮೇಲೆಯೇ ಏರಿಸಿ, ಇವೋನಾಗೆ ಹೊರಗೆ ನಿಂತು ಬಾಗಿಲು ಹಾಕಲು ಹೇಳಿ, ತಾನು ಕಣ್ಣು ಬಿಗಿಯಾಗಿ ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸಿ, ಲೇಸರನ್ನು ಅವರ ಕೈಗೆ ಕೊಟ್ಟು ದೀಪ ಆರಿಸಿದ. ಎಡ ರೆಕ್ಕೆಯ ಹಿಂದೆ ಎಂದ. ನೀರು ಪಚಪಚ ಎಂದಿತು. ಇನ್ನೂ ಹಿಂದೆ ಎಂದ. ಆಮೇಲೆ ಏನೂ ಸದ್ದಿಲ್ಲ. ಕಣ್ಣು ಮುಚ್ಚಿ ನಿಂತವನಿಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಟಪ್ ಎನ್ನುವ ಸದ್ದಿಗಾಗಿ ಕಾಯುತ್ತಿದ್ದ.

"ಬಟಾಣಿ ಕಾಳಿನಷ್ಟಿದೆ" ಎಂದಿತು ಕತ್ತಲೊಳಗಿಂದ ಅತ್ತೆಯ ಧ್ವನಿ. "ಹಸಿರು." ಆಮೇಲೆ, "ಎಷ್ಟು ದಿನ ಆಯ್ತು ಇದನ್ನ ಇಟ್ಟು?"

"ಎಂಬತ್ಮೂರು."

"ಅಲ್ಲೇ ಇದ್ಯಾ? ಕದಲಿಲ್ವಾ?"

"ಕದಲಿಲ್ಲ."

"ಯಾತಕ್ಕಿದು?"

ಹದಿನಾರು ವರ್ಷದಲ್ಲಿ ಅವರು ಅವನ ಕೆಲಸ ಏನು ಎಂದು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಗೋಡೆಗೆ ಮುಖ ಮಾಡಿಕೊಂಡೇ ಮೂರು ಮಾತಿನಲ್ಲಿ ಹೇಳಿದ: ಗಂಟು ಸಿಕ್ಕಿದ ದಿನ ಸೂಜಿಯಲ್ಲಿ ಗುರುತು ಇಡುವುದು, ಕೊಯ್ಯುವ ದಿನ ದೀಪ ಹಿಡಿಯುವುದು, ಹೊಳೆದಲ್ಲಿ ಮಾತ್ರ ಕೊಯ್ಯುವುದು.

ಲೇಸರ್ ಆರಿಸಿದ ಸದ್ದು ಕೇಳಿಸಿತು. ದೀಪ ಹಾಕಿದಾಗ ಗೆನೊವೆಫಾ ಮುಕ್ಕಾಲಿಯ ಮೇಲೆ ಕೂತಿದ್ದರು. ಕಪ್ಪೆಗಣ್ಣಿನ ಕನ್ನಡಕ ಇನ್ನೂ ಮುಖದ ಮೇಲಿತ್ತು, ಕೈ ಕತ್ತಿನ ರೇಷ್ಮೆ ವಸ್ತ್ರದ ಮೇಲಿತ್ತು. ಅದರ ಕೆಳಗೆ ಎರಡು ಗಾಯದ ಗುರುತುಗಳಿರುವುದು ಮನೆಯವರಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಅವರ ಕತ್ತಿನಲ್ಲಿ ಕಡಲೆಯಷ್ಟು ಗಂಟಿತ್ತು. ಡಾಕ್ಟರು ಎಡಗಡೆ ಕೊಯ್ದು ಹುಡುಕಿ, ಸಿಗದೆ ಹೊಲಿದು, ಎರಡು ತಿಂಗಳು ಬಿಟ್ಟು ಇನ್ನೊಂದು ಕಡೆ ಕೊಯ್ದಿದ್ದರು. ನನ್ನ ಕತ್ತನ್ನು ಆಲೂಗಡ್ಡೆ ಹೊಲ ಮಾಡಿದರು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ವಸ್ತ್ರ ಮಾತ್ರ ಯಾರ ಮುಂದೆಯೂ ತೆಗೆದವರಲ್ಲ.

"ನನ್ನ ಕೊಯ್ದೋನ ಹತ್ರ ಈ ದೀಪ ಇದ್ದಿದ್ರೆ?"

"ಒಂದೇ ಸಲ ಕೊಯ್ತಿದ್ರು ಅತ್ತೆ."

ಅವರು ಕೊಡತಿಯನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟರು. ಇಡುವ ಸದ್ದು ಕೇಳಿ ಇವೋನಾ ಬಾಗಿಲು ತೆರೆದಳು. ಗೆನೊವೆಫಾ ಮಗಳಿಗೆ ಹೆರಿಂಗ್ ಜಾಸ್ತಿ ಹೊರಗೆ ತೆಗೆ ಎಂದು ಹೇಳಿ, ಅಳಿಯನ ಕಡೆ ತಿರುಗಿದರು.

"ಮೀನು ಉಳೀತು. ನೀವು ಕೊಟ್ಟ ಮಾತು?"

ಆಗ ಲುದ್ವಿಕ್‌ಗೆ ಬೆರ್ನದೇತಾಳ ಚೀಟಿಯ ನೆನಪಾಗಿ, ಚೀಲದಿಂದ ತೆಗೆದು ಓದಿದ. ತೊಂಬತ್ತನೇ ದಿನ ಬೆಳಕು ನೋಡಬೇಕು. ಆಮೇಲೆ ಮೀನನ್ನು ಮದ್ದು ಬೆರೆಸಿದ ನೀರಿನಲ್ಲಿ ಕೊಂದು, ಗುರುತಿನ ಸುತ್ತಲಿನ ಮಾಂಸ ತೆಗೆದು, ಕಣಗಳು ಬೇರೆ ಎಲ್ಲಿಗೂ ಹರಿದಿಲ್ಲವೆಂದು ಪರೀಕ್ಷೆಗೆ ಇಡಬೇಕು. ಕೊಲ್ಲುವವರ ಹೆಸರು ಬರೆಯುವ ಜಾಗದಲ್ಲಿ ಬೆರ್ನದೇತಾ ಆಗಲೇ ಅವನ ಹೆಸರು ಬರೆದಿಟ್ಟಿದ್ದಳು. ಚೀಟಿಯನ್ನು ಅತ್ತೆಯೂ ಇಸಿದುಕೊಂಡು ಓದಿದರು, ಎರಡು ಸಲ.

"ಮೂವತ್ತೊಂದಕ್ಕೆ ನಾನೂ ಬರ್ತೀನಿ" ಎಂದರು.

ಎರಡು ದಿನ ಆ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ. ಇಪ್ಪತ್ತಾರರ ಸಂಜೆ ಕಾಜಿಕ್ ವ್ಯಾನು ತಂದು ಕ-6 ಅನ್ನು ಅದರ ತೊಟ್ಟಿಗೆ ಮರಳಿ ಮುಟ್ಟಿಸಿದ, ಈ ಸಲ ಕೋಣೆಗೆ ಎರಡು ಬೀಗ ಹಾಕಿದ. ಬಹುಮಾನ ಕೊಡದೆ ಬೇರೆ ದಾರಿ ಇರಲಿಲ್ಲ. ಅಳತೆಯ ಪ್ರಕಾರ ಗೆದ್ದವರು ನಿರ್ದೇಶಕರು; ಬಾಲ ಎಳೆದು ಹಿಡಿದಿದ್ದರು ಎಂದು ಬೊಗುಮಿಲ್ ಎಲ್ಲಿಂದಲೋ ತಿಳಿದುಕೊಂಡು ತಕರಾರು ಹೂಡಿದ್ದರಿಂದ, ತೆಕ್ಲಾ ಇಬ್ಬರಿಗೂ ಒಂದೊಂದು ಬಾಟಲಿ ಜೇನುತುಪ್ಪ ಕೊಟ್ಟು, ಮುಂದಿನ ವರ್ಷ ಈ ಸ್ಪರ್ಧೆ ಇಲ್ಲ ಎಂದು ನೋಟಿಸು ಹಾಕಿದರು.

ಮೂವತ್ತೊಂದರ ಮಧ್ಯಾಹ್ನ ಗೆನೊವೆಫಾ ಚರ್ಚಿಗೆ ಹಾಕಿಕೊಳ್ಳುವ ಕೋಟು ಹಾಕಿಕೊಂಡು ಟ್ರಾಮಿನಲ್ಲಿ ಬಂದರು. ಮದ್ದು ಕೈಕೊಟ್ಟರೆ ಇರಲಿ ಎಂದು ಕೈಚೀಲದಲ್ಲಿ ಕೊಡತಿ ತಂದಿದ್ದರು. ನೆಲಮಾಳಿಗೆಯಲ್ಲಿ ದೀಪ ಆರಿಸಿ ಬೆಳಕು ನೋಡಿಯಾಯಿತು. ಈ ಸಲ ಕನ್ನಡಕ ಎರಡಿದ್ದವು. ಬಟಾಣಿ ಕಾಳು ಅಲ್ಲೇ ಇತ್ತು. ಲುದ್ವಿಕ್ ಬಿಳಿ ತೊಟ್ಟಿಗೆ ನೀರು ತುಂಬಿ, ಚೀಟಿಯಲ್ಲಿ ಬರೆದಷ್ಟು ಲವಂಗದ ಎಣ್ಣೆ ಬೆರೆಸಿದ. ಕೋಣೆಯೆಲ್ಲ ಹಬ್ಬದ ಅಡುಗೆಮನೆಯ ಘಮಲಾಯಿತು.

"ಮಸಾಲೆ ಈಗಲೇ ಹಾಕ್ತೀರಾ?" ಎಂದರು ಅತ್ತೆ.

ಮೀನು ಅದರಲ್ಲಿ ನೋವಿಲ್ಲದೆ ನಿದ್ದೆ ಹೋಗುತ್ತದೆ, ಏಳುವುದಿಲ್ಲ ಎಂದು ಅವನು ವಿವರಿಸಿದ. ಮಲಗಿಸುವುದು ಹೊಡೆಯುವುದಕ್ಕೆ ಸಮವೇ ಎಂದು ಅವರು ಸ್ವಲ್ಪ ಯೋಚಿಸಿ, ಕೈ ಯಾರದು ಎಂಬುದೇ ಮುಖ್ಯ ಎಂದು ತೀರ್ಮಾನ ಕೊಟ್ಟರು. ಲುದ್ವಿಕ್ ತೋಳು ಮಡಿಸಿದ. ಎರಡೂ ಕೈ ನೀರಿಗಿಳಿಸಿ ಗೆಂಡೆಯನ್ನು ಹಿಡಿದ. ಅದು ಅವನನ್ನು ನೋಡಿ ಬಾಯಿ ತೆರೆದು ಮುಚ್ಚಿತು. ಅತ್ತೆ ಹತ್ತಿರ ಬಂದು, ಹಿಡಿತ ಸಡಿಲವಾಯಿತು, ಹೊಟ್ಟೆಯ ಕೆಳಗೆ ಕೈ ಕೊಡಿ ಎಂದರು. ಕೈ ಕೊಟ್ಟ. ಎತ್ತಿ ಬಿಳಿ ತೊಟ್ಟಿಗೆ ಇಳಿಸಿ, ಕಿವಿರು ಆಡುವುದು ನಿಲ್ಲುವ ತನಕ ಬಿಡದೆ ಹಿಡಿದುಕೊಂಡಿದ್ದ. ಕಿಟಕಿಯ ಹೊರಗೆ ನೋಡಲಿಲ್ಲ; ನೆಲಮಾಳಿಗೆಗೆ ಕಿಟಕಿ ಇರಲಿಲ್ಲ.

ಮೂರು ಹತ್ತಕ್ಕೆ ಮೀನು ಸತ್ತಿತು. ಚೀಟಿಯಲ್ಲಿ ತನ್ನ ಹೆಸರಿನ ಮುಂದೆ ಲುದ್ವಿಕ್ ಸಹಿ ಹಾಕಿದ. ಸಾಕ್ಷಿಯ ಜಾಗ ಇರಲಿಲ್ಲವಾದರೂ ಗೆನೊವೆಫಾ ಅದರ ಕೆಳಗೆ ತಮ್ಮ ಸಹಿ ಹಾಕಿದರು. ಹದಿನಾರು ವರ್ಷದ ಹಿಂದೆ ಅತ್ತೆಗೆ ಕೊಟ್ಟ ಮಾತನ್ನು ಅವನು ಒಂದು ವಾರ ತಡವಾಗಿ ನಡೆಸಿಕೊಟ್ಟ.